ತಲೆದೆಸೆಯ ಚಾಪೆ

ಸೋಮವಾರ, ಆಗಸ್ಟ್ 14. ಬೆಳಗ್ಗೆ 9.30

ಆಗಲೇ ಏಳು ಕರೆಗಳು. ನಿಂಬೆ ಎಲೆಯ ಕಷಾಯ ಆರಿಹೋಯಿತು. ಒಬ್ಬನ ಮೊಣಕಾಲಿನ ಕುರು ಒಡೆದಿದೆ. ಇನ್ನೊಬ್ಬ ಸೈಕಲ್‌ನಿಂದ ಬಿದ್ದು ಕೈ ತರಚಿಕೊಂಡಿದ್ದಾನೆ. ನಲವತ್ತಾರು ಮಿಷನರಿಗಳು, ಎಲ್ಲರೂ ಇಪ್ಪತ್ತರ ಆಸುಪಾಸು, ಇಬ್ಬಿಬ್ಬರ ಜೋಡಿಯಾಗಿ ಸೇವೆಗೆ ಬಂದವರು. ಮುಖ್ಯಸ್ಥರೆಂದು ನೇಮಕವಾದದ್ದು ಇವರು, ನನ್ನ ಯಜಮಾನರು. ಜ್ವರ, ಕೆಮ್ಮು, ಮನೆಯ ನೆನಪಿನ ಅಳು ಮಾತ್ರ ನನ್ನ ಪಾಲು. ಮೂವತ್ತಾರು ವರ್ಷ ಶಾಲೆ ನಡೆಸಿದವಳಿಗೆ ಇದು ಕಷ್ಟವಲ್ಲ. ಕಷ್ಟವಾಗುವುದು ಈ ಮಕ್ಕಳ ಮಾತು ಕೇಳುವುದು. ನಮ್ಮ ದ್ವೀಪಗಳ ಭಾಷೆಯಲ್ಲಿ ಅರಸರಿಗೆ ಆಡುವ ಶಬ್ದ, ಮುಖಂಡರಿಗೆ ಆಡುವ ಶಬ್ದ, ನಮ್ಮಂಥವರಿಗೆ ಆಡುವ ಶಬ್ದ — ಎಲ್ಲವನ್ನೂ ಒಂದೇ ಪಾತ್ರೆಯಲ್ಲಿ ಕಲಸುತ್ತಾರೆ.

ಇಂದು ಮಿಷನರಿಗಳು ಮನೆಗೆ ಫೋನ್ ಮಾಡುವ ದಿನ. ತನ್ನ ಬಟ್ಟೆ ಒಗೆಯಲು ನಮ್ಮಲ್ಲಿಗೆ ಬಂದ ಮಿಷನರಿ ಹುಡುಗಿ ತಾವಾಕೆ ಹಿತ್ತಲಲ್ಲಿ ಕೂತು ಮಾತನಾಡಿದಳು. ಊರು ಎವುವಾ ದ್ವೀಪ, ಇಲ್ಲಿಂದ ಫೆರ್ರಿಯಲ್ಲಿ ಎರಡೂವರೆ ಗಂಟೆ. ತಮ್ಮನ ಮಗುವಿಗೆ ನ್ಯುಮೋನಿಯಾ. ನಾಲ್ಕು ತಿಂಗಳ ಹೆಣ್ಣು ಕೂಸು.

"ಸಿಯಾಲೆ ಅಂತ ಹೆಸರು. ನಾನೇ ಇಟ್ಟಿದ್ದು, ಫೋನಲ್ಲೇ," ಎಂದಳು. "ಇನ್ನೂ ಮುಖ ನೋಡಿಲ್ಲ ಅಮ್ಮ."

ಸೋದರತ್ತೆಯಲ್ಲದೆ ಇನ್ಯಾರು ಇಟ್ಟಾರು. ಪ್ರಾರ್ಥಿಸು ಎಂದೆ. ಶನಿವಾರ ನನ್ನ ತಮ್ಮ ಪೆನಿಸಿಮಾನಿಯ ಮಗನ ಮದುವೆ; ಚಾಪೆ ಹಾಸಲು ನೀನೂ ನಿನ್ನ ಜೊತೆಗಾತಿಯೂ ಬನ್ನಿ ಎಂದೂ ಹೇಳಿಟ್ಟೆ.


ಮಂಗಳವಾರ, 15

ಇವರು ಬೆಳಗಿನ ವಿಮಾನದಲ್ಲಿ ವಾವಾಉ ದ್ವೀಪಕ್ಕೆ ಹೋದರು. ಸೋಮವಾರ ವಾಪಸು. ಮೊಮ್ಮಗಳು ಲೋಸೆಯ ಮದುವೆಯ ಲಂಗದ ಅಂಚು ಬಿಚ್ಚಿ ಮತ್ತೆ ಹೊಲಿದೆ. ಅವಳ ತಾಯಿ ಆಕ್ಲೆಂಡಿನಲ್ಲಿ ದುಡಿಯುತ್ತಾಳೆ. ಲಂಗದ ಅಂಚೂ ನನ್ನ ಪಾಲು.


ಬುಧವಾರ, 16. ಸಂಜೆ 5

ಮಗು ಹತ್ತು ಗಂಟೆಗೆ ತೀರಿಕೊಂಡಿತು.

ತಾವಾಕೆಯ ತಮ್ಮ ಲಿಸಿಯಾತೆ ನನಗೇ ಫೋನ್ ಮಾಡಿದ. ಇಂಥ ಸುದ್ದಿ ನಮ್ಮ ಮೂಲಕವೇ ಹೋಗಬೇಕೆಂಬುದು ನಿಯಮ.

"ಶನಿವಾರ ಮಣ್ಣು ಮಾಡ್ತೀವಿ, ಟೀಚರಮ್ಮ. ಎರಡು ಗಂಟೆಗೆ. ಅಕ್ಕನ್ನ ಕಳಿಸ್ಕೊಡಿ. ತಲೆದೆಸೇಲಿ ಕೂರೋಕೆ ಬೇರೆ ಯಾರೂ ಇಲ್ಲ ನಮಗೆ."

ಸತ್ತವರ ತಲೆದೆಸೆಯ ಚಾಪೆಯ ಮೇಲೆ ಸೋದರತ್ತೆಯೇ ಕೂರಬೇಕು, ಅದು ನಮ್ಮ ಪದ್ಧತಿ. ಇವರಿಗೆ ಫೋನಿನಲ್ಲಿ ತಿಳಿಸಿದೆ. ಇವರ ಮಾತು ಸ್ಪಷ್ಟವಾಗಿತ್ತು. "ಅವಳನ್ನೇ ಕೇಳು. ಹೋಗ್ತೀನಿ ಅಂದ್ರೆ ಜೊತೆಗಾತಿ ಸಮೇತ ಕಳಿಸು. ಮೂರು ದಿನ ಇದ್ದು ಬರ್ಲಿ."

ಹೋದೆ. ತಾವಾಕೆ ಜೊತೆಗಾತಿಯೊಂದಿಗೆ ಇರುವ ಬಾಡಿಗೆ ಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಹೇಳಿದೆ. ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಪ್ಲಗ್ ಕಿತ್ತು, ಆಮೇಲೆ ನೆಲದ ಮೇಲೆ ಕುಳಿತಳು.

"ನಾನು ಹೋಗ್ಬಹುದಾ ಅಮ್ಮ?"

ಹೌದು ಎನ್ನಲಿಲ್ಲ. ಬೇಡ ಎಂದೂ ಅನ್ನಲಿಲ್ಲ. ಕಳೆದ ವರ್ಷ ತಂದೆ ತೀರಿಕೊಂಡಾಗಲೂ ಸೇವೆಯ ಊರು ಬಿಡದ ಮಿಷನರಿ ಹುಡುಗನ ಕಥೆ ಹೇಳಿದೆ. ಭಾನುವಾರ ದೀಕ್ಷಾಸ್ನಾನಕ್ಕೆ ಸಿದ್ಧರಾಗಿರುವ ಐವರನ್ನು ನೆನಪಿಸಿದೆ. ದೇವರು ತ್ಯಾಗವನ್ನು ಮರೆಯುವುದಿಲ್ಲ ಎಂದೆ. ಎಲ್ಲವೂ ಚೆನ್ನಾಗಿ ಕಟ್ಟಿದ ವಾಕ್ಯಗಳು.

"ಮತ್ತೆ ತಲೆದೆಸೇಲಿ ಯಾರು ಕೂರ್ತಾರೆ?"

"ಯಾರನ್ನಾದರೂ ಕೂರಿಸ್ತಾರೆ."

"ಯಾರೂ ಇಲ್ಲ. ನಾನೊಬ್ಬಳೇ ಅಕ್ಕ."

ಇಸ್ತ್ರಿಯಾಗಿದ್ದ ಅಂಗಿಯೊಂದನ್ನು ಮಡಚಿಟ್ಟೆ. ಕೊನೆಗೆ, "ನೀವು ಹೇಳಿದ ಹಾಗೇ ಆಗ್ಲಿ," ಎಂದಳು.

ಇವರಿಗೆ ಸಂದೇಶ ಕಳಿಸಿದೆ: "ತಾವಾಕೆ ತಾನೇ ಯೋಚಿಸಿ ಉಳಿಯಲು ನಿರ್ಧರಿಸಿದ್ದಾಳೆ."


ಗುರುವಾರ, 17

ಲಿಸಿಯಾತೆಗೆ ತಿಳಿಸಿದೆ. ಫೋನಿನಲ್ಲಿ ಹಂದಿಗಳ ಸದ್ದು, ಯಾರೋ ಸೌದೆ ಒಡೆಯುವ ಸದ್ದು.

"ನೀವು ಹೇಳಿದ್ರಾ, ಅವಳೇ ಹೇಳಿದ್ಲಾ?"

"ಅವಳೇ."

"ಆಯ್ತು ಟೀಚರಮ್ಮ. ಆದ್ರೂ ಚಾಪೆ ಹಾಸಿರ್ತೀವಿ, ಹೇಳಿ ಅವಳಿಗೆ. ನಾಳೆ ಬೆಳಗ್ಗೆನೂ ಫೆರ್ರಿ ಇದೆ, ನಾಡಿದ್ದೂ ಇದೆ."

ಹೇಳಲಿಲ್ಲ. ಗಟ್ಟಿಯಾದ ಮನಸ್ಸನ್ನು ಮತ್ತೆ ಕಲಕುವುದು ಸರಿಯಲ್ಲ ಎನಿಸಿತು. ಕುರುವಿನ ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮಧ್ಯಾಹ್ನ ಪೆನಿಸಿಮಾನಿಯ ಮನೆಯಿಂದ ಜನ ಬಂದು ಶನಿವಾರ ಎಷ್ಟು ಗಂಟೆಗೆ ಕಾರು ಕಳಿಸಬೇಕು ಎಂದು ಕೇಳಿದರು. ಹನ್ನೆರಡೂವರೆ ಎಂದೆ.


ಶನಿವಾರ, 19. ಸಂಜೆ 6

ಮದುವೆ ಚೆನ್ನಾಗಿ ನಡೆಯಿತು.

ಮೇಲಿನ ಸ್ಥಾನದಲ್ಲಿ ಕುಳಿತೆ. ವರನ ಸೋದರತ್ತೆ ಕೂರಬೇಕಾದ ಜಾಗ. ಹದಿನಾಲ್ಕು ನಯವಾದ ಚಾಪೆಗಳು, ಮರದ ತೊಗಟೆಯ ದೊಡ್ಡದೊಂದು ತಾಪಾ ಬಟ್ಟೆ, ಕೇಕಿನ ಮೇಲಿನ ಅಂತಸ್ತು, ದೊಡ್ಡ ಹಂದಿ — ಎಲ್ಲವೂ ನನ್ನ ಮುಂದೆ. ಕೇಕಿನ ಹೂವಿಗೆ ಕೈಹಾಕಲು ಹೋದ ಲೋಸೆಯನ್ನು ತಡೆದೆ.

"ಅಜ್ಜಿ, ನೀವು ಬರದೇ ಇದ್ದಿದ್ರೆ ಇದೆಲ್ಲಾ ಯಾರಿಗೆ ಕೊಡ್ತಿದ್ರು?"

ಪೆನಿಸಿಮಾನಿ ಆ ಕಡೆಯಿಂದ ನಕ್ಕ. ನನ್ನ ಮುಖ ನೋಡಲಿಲ್ಲ. ಅಕ್ಕನ ಮುಂದೆ ಅವನು ಇಂದಿಗೂ ಕಣ್ಣೆತ್ತುವುದಿಲ್ಲ. "ನಿಮ್ಮಜ್ಜಿ ಬರ್ದೆ ಮದುವೆ ಮಾಡ್ಕೊಂಡ್ರೆ ನನ್ನ ಊರಲ್ಲಿ ಇಟ್ಕೋತಾರಾ? ಮದುವೇನೇ ಮುಂದಕ್ಕೆ ಹಾಕ್ತಿದ್ದೆ."

ಎಲ್ಲರೂ ನಕ್ಕರು. ಆಗ ಚಾಪೆ ಹೊತ್ತು ಇಬ್ಬರು ಹುಡುಗಿಯರು ಬಂದರು. ಎದೆಯ ಮೇಲೆ ಹೆಸರಿನ ಕಪ್ಪು ಪಟ್ಟಿ, ಬಿಳಿ ರವಿಕೆ. ತಾವಾಕೆ, ಅವಳ ಜೊತೆಗಾತಿ. ಸೋಮವಾರ ನಾನೇ ಹೇಳಿಟ್ಟಿದ್ದೆ. ಬೇಡವೆನ್ನಲು ಮರೆತಿದ್ದೆ.

ಅವಳು ಮಂಡಿಯೂರಿ ನನ್ನ ಮುಂದೆ ಚಾಪೆ ಬಿಚ್ಚಿದಳು. ಸುಕ್ಕು ನೀವಿದಳು. ಗೋಡೆಯ ಗಡಿಯಾರ ಎರಡು ಗಂಟೆ ಹತ್ತು ನಿಮಿಷ ತೋರಿಸುತ್ತಿತ್ತು. ಅವಳೂ ಒಮ್ಮೆ ಅದನ್ನು ನೋಡಿದಳು.

"ಅಂಚು ಸರಿಯಾಗಿದೆಯಾ ಅಮ್ಮ?"

"ಸರಿಯಾಗಿದೆ," ಎಂದೆ.

ಆ ಚಾಪೆಯ ಮೇಲೆ ಸರಿದು ಇನ್ನೂ ಎರಡು ಗಂಟೆ ಕುಳಿತಿದ್ದೆ.


ಬುಧವಾರ, 23. ಮಧ್ಯಾಹ್ನ

ಮೂರು ದಿನ ಬರೆಯಲಿಲ್ಲ. ಕಾರಣ ಕೆಲಸವಲ್ಲ.

ಭಾನುವಾರದ ಐವರಲ್ಲಿ ಮೂವರು ಬಂದಿದ್ದರು. ತಾವಾಕೆ ಅವರಿಗೆ ಬಿಳಿ ಬಟ್ಟೆ ತೊಡಿಸಿದಳು, ಹಾಡಿದಳು. ತಪ್ಪು ಹುಡುಕಲು ಏನೂ ಇರಲಿಲ್ಲ. ಸೋಮವಾರ ಹಿತ್ತಲಿನಿಂದ ಮನೆಗೆ ಫೋನ್ ಮಾಡಿದಳು. ಎರಡು ನಿಮಿಷ. ತಾಯಿ ಮಾತಾಡಿದರು, ತಮ್ಮ ಫೋನಿಗೆ ಬರಲಿಲ್ಲ ಎಂದು ಜೊತೆಗಾತಿ ಹೇಳಿದಳು. ಶನಿವಾರ ಕಡೆಯ ಫೆರ್ರಿ ಬಂದು ನಿಂತ ಮೇಲೂ ಅರ್ಧ ಗಂಟೆ ಕಾದರಂತೆ. ಚಾಪೆ ಹಾಸಿಯೇ ಇತ್ತಂತೆ. ಚರ್ಚಿನ ಹೆಂಗಸೊಬ್ಬಳು ಅಲ್ಲಿ ಕೂರಲು ಹೋದಾಗ ಲಿಸಿಯಾತೆ ತೋಳು ಹಿಡಿದು ಎಬ್ಬಿಸಿದನಂತೆ.

ಇಂದು ಬೆಳಗ್ಗೆ ಮದುವೆಯಲ್ಲಿ ಬಂದ ಚಾಪೆಗಳಲ್ಲಿ ಅತ್ಯುತ್ತಮವಾದುದನ್ನು ಸುತ್ತಿಕೊಂಡು ತಾವಾಕೆಯ ಬಾಡಿಗೆ ಮನೆಗೆ ಹೋದೆ. ಹತ್ತನೆಯ ದಿನ ಗೋರಿಯ ಮೇಲೆ ಕಪ್ಪು ಕಲ್ಲು ಹಾಸುತ್ತಾರೆ. ಅದಕ್ಕಾದರೂ ಹೋಗಿ ಬಾ, ನಾನೂ ಬರುತ್ತೇನೆ, ಎಂದೆ.

ಚಾಪೆಯನ್ನು ಮುಟ್ಟಲಿಲ್ಲ.

"ಈಗ ಹೋಗಿ ಎಲ್ಲಿ ಕೂರ್ಲಿ ಅಮ್ಮ?"

ಸಿಟ್ಟಿನಿಂದ ಹೇಳಲಿಲ್ಲ. ದಾರಿ ಕೇಳುವವಳ ಹಾಗೆ ಕೇಳಿದಳು. ಆಮೇಲೆ, "ಅವತ್ತು ಯಜಮಾನ್ರು ಬೇಡ ಅಂದಿದ್ರಾ?" ಎಂದಳು.

ಉತ್ತರ ಕೊಡದೆ ಬಂದೆ. ಮೂವತ್ತಾರು ವರ್ಷ, ಉತ್ತರ ಕೊಡದೆ ನಿಂತ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದವಳು.


ಅದೇ ದಿನ, ಸಂಜೆ 4.40

ಇವರು ಹಿತ್ತಲಲ್ಲಿ ಲೋಸೆಯ ಜೊತೆ ಬಾಳೆಗೊನೆ ಕಡಿಯುತ್ತಿದ್ದಾರೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ, "ತಾವಾಕೆ ಗಟ್ಟಿ ಹುಡುಗಿ. ಮುಂದಿನ ಸಭೇಲಿ ಅವಳ ತ್ಯಾಗದ ಬಗ್ಗೆ ಎಲ್ಲರಿಗೂ ಹೇಳ್ಬೇಕು," ಎಂದರು. ಟಿಪ್ಪಣಿಯನ್ನೂ ಬರೆದಿಟ್ಟಿದ್ದಾರೆ. ನನ್ನ ಸಂದೇಶದ ವಾಕ್ಯವೇ ಅದರಲ್ಲಿದೆ, ಒಂದಕ್ಷರ ಬದಲಾಗದೆ.

ಇಂದೇ ಹೇಳಬೇಕು. ಲೋಸೆಯ ಎದುರಿಗೆ ಬೇಡ. ಮೊದಲು ಇಲ್ಲಿ ಬರೆದು ನೋಡುತ್ತೇನೆ, ನಂತರ ಹಾಗೆಯೇ ಹೇಳುತ್ತೇನೆ.

ಅವಳು ಉಳಿಯುತ್ತೇನೆಂದು ಹೇಳಲಿಲ್ಲ. ನೀವು ಕೇಳು ಎಂದಿದ್ದಿರಿ. ನಾನು ಅವಳನ್ನು ಕೇಳಲೇ ಇಲ್ಲ, ತಡೆದೆ.