ಸೋಸಿದ ನೀರು

ಗೋಕಾಕ, ೧೨ ಜನವರಿ ೧೯೩೭

ತೀರ್ಥರೂಪ ಅಪ್ಪನವರಿಗೆ ತಾರಾಬಾಯಿಯ ನಮಸ್ಕಾರಗಳು.

ದೀಪಾವಳಿಗೆ ನಾನು ಕಲ್ಲೋಳಿಗೆ ಬಂದಾಗ ನೀವು, "ಮಿಶನ್ ಸಾಲ್ಯಾಗ ನಮ್ಮ ಜೈನ ಧರ್ಮ ಉಳಿಯೂದಿಲ್ಲ, ಈ ವರ್ಷಕ್ಕ ಬಿಡಸ್ತೇನಿ" ಅಂದಿರಿ. ಅದಕ್ಕೆ ಉತ್ತರವಾಗಿ ಇದನ್ನು ಬರೆಯುತ್ತಿದ್ದೇನೆ.

ಶಾಲೆಗೆ ಈಗ ಸೂಕ್ಷ್ಮದರ್ಶಕ ಬಂದಿದೆ. ಪ್ರತಿಯೊಬ್ಬಳೂ ತನ್ನ ಮನೆಯ ಒಂದು ರೂಢಿಯನ್ನು ಪರೀಕ್ಷಿಸಿ ತೋರಿಸಬೇಕೆಂದು ನಮಗೆ ವಿಜ್ಞಾನ ಕಲಿಸುವ ವಿಲಾಯತಿ ಬಾಯಿಯವರು ಹೇಳಿದರು. ನಾನು ಹೊಳೆಯ ನೀರನ್ನು ನಮ್ಮ ಅಜ್ಜಿಯ ಹಾಗೆ ಎರಡು ಪದರ ಬಟ್ಟೆಯಲ್ಲಿ ಸೋಸಿದೆ. ಸೋಸದ ಹನಿಯಲ್ಲಿ ಸಣ್ಣ ಜೀವಗಳು ಓಡಾಡುತ್ತಿದ್ದವು. ಸೋಸಿದ ಹನಿಯಲ್ಲಿ ಅಂಥವು ಒಂದೂ ಕಾಣಲಿಲ್ಲ.

"ಇದನ್ನು ನಿನಗೆ ಯಾರು ಕಲಿಸಿದರು?" ಎಂದು ಬಾಯಿಯವರು ಕೇಳಿದರು.

"ನಮ್ಮ ಅಜ್ಜಿ ರಿ. ಆಕಿಗೆ ಓದಾಕ ಬರೂದಿಲ್ಲ."

ಬಟ್ಟೆಯಲ್ಲಿ ಉಳಿದ ಜೀವಗಳು ಸಾಯಬಾರದೆಂದು, ಅಜ್ಜಿ ಮಾಡುವ ಹಾಗೆಯೇ ಅವನ್ನು ಮರಳಿ ಹೊಳೆಗೆ ಬಿಡಲು ಹೊರಟೆ. ಯಾರೂ ನಗಲಿಲ್ಲ. ಬಾಯಿಯವರೇ ನನ್ನ ಜೊತೆ ಹೊಳೆಯವರೆಗೆ ನಡೆದು ಬಂದರು.

ಬರುವ ಶನಿವಾರ ಶಾಲೆಯಲ್ಲಿ ಈ ಪರೀಕ್ಷೆಗಳ ಪ್ರದರ್ಶನವಿದೆ. ಕಲ್ಲೋಳಿಯಿಂದ ಬಂಡಿ ಕಟ್ಟಿಕೊಂಡು ಬನ್ನಿ, ನೋಡಿದ ಮೇಲೆ ನಿಮ್ಮ ತೀರ್ಮಾನ ಹೇಳಿರಿ. ಅಜ್ಜಿಯನ್ನು ಮಾತ್ರ ತಪ್ಪದೆ ಕರೆತನ್ನಿ. ಇಷ್ಟು ವರ್ಷ ತಾನು ಉಳಿಸಿದ ಜೀವಗಳನ್ನು ಆಕೆ ಒಮ್ಮೆಯೂ ಕಂಡಿಲ್ಲ.

ನಿಮ್ಮ ದಾರಿ ನೋಡುವ ಮಗಳು,
ತಾರಾಬಾಯಿ