ಪೆಟ್ಟಿಗೆ ಬಾಗಿಲು ದಾಟುವವರೆಗೆ

ಜನವರಿ 9, ಸಂಜೆ

ಇವತ್ತು ಎರಡು ಸಾವು. ಬೆಳಿಗ್ಗೆ ರಿಟೈರ್ಡ್ ಪೋಸ್ಟ್‌ಮಾಸ್ಟರ್, ಮಧ್ಯಾಹ್ನ ಬೇಕರಿಯವನ ಅತ್ತೆ. ನಡುವೆ ಮನೆಗೆ ಓಡಿಬಂದು ಉಪ್ಪುನೀರಲ್ಲಿ ಗಂಟಲು ತೊಳೆದುಕೊಂಡೆ, ನಿಂತೇ ಎರಡು ತುತ್ತು ತಿಂದೆ, ಮತ್ತೆ ಚರ್ಚಿಗೆ.

ಅತ್ತೆಯ ಪೆಟ್ಟಿಗೆ ಬಾಗಿಲಲ್ಲಿ ಸಿಕ್ಕಿಕೊಂಡಿತು. ಮುಂದೆ ಹೊತ್ತವರು ಉದ್ದ, ಹಿಂದಿನವರು ಗಿಡ್ಡ. "ಎಡಕ್ಕೆ ತಗೋ", "ನಿನ್ನ ಎಡಾನೋ ನನ್ನ ಎಡಾನೋ"... ಪೆಟ್ಟಿಗೆ ಬಾಗಿಲು ದಾಟುವವರೆಗೆ ಹಾಡು ನಿಲ್ಲಬಾರದು, ಇದು ನಮ್ಮ ಚರ್ಚಿನ ಕ್ರಮ. ಕೊನೆಯ ಚರಣ ಎಳೆದೆ. ಮತ್ತೆ ಎಳೆದೆ. ಮೇಲೆ ಅಟ್ಟದಲ್ಲಿ ಗೋಡೆಗೆ ಮುಖ ಮಾಡಿ ಕೂತ ಆರ್ಗನ್ ಮಾಸ್ಟ್ರಿಗೆ ಕೆಳಗಿನದು ಏನೂ ಕಾಣದು, ನಾನು ಹಾಡುವವರೆಗೆ ಅವರೂ ನುಡಿಸಬೇಕು. ಬೇಕರಿಯವನು ಕಣ್ಣೊರೆಸಿಕೊಳ್ಳುತ್ತಲೇ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: "ಬದುಕಿದ್ದಾಗ್ಲೂ ಹಿಂಗೇ ಮೇಡಂ. ಹೊರಡ್ತೀನಿ ಹೊರಡ್ತೀನಿ ಅಂತ ಬಾಗಿಲಲ್ಲೇ ನಿಂತು ಮಾತು." ನಗು ಉಕ್ಕಿಬಂತು. ನುಂಗಿದೆ. ನುಂಗಿದ ನಗುವಿಗೆ ದನಿ ನಡುಗಿತು. ಆಮೇಲೆ ಯಾರೋ ನನ್ನ ಕೈ ಹಿಡಿದು "ಎಷ್ಟು ಮನಸ್ಸಿಟ್ಟು ಹಾಡಿದ್ರಿ" ಎಂದರು. ತೆಪ್ಪಗೆ ತಲೆ ಆಡಿಸಿದೆ.

ಜನವರಿ 14

ಪಕ್ಕದ ಮನೆಯ ಟೈಲರ್ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಕಿತ್ತಳೆ ತೆಗೆದುಕೊಂಡು ನೋಡಲು ಹೋದೆ. ಪಕ್ಕದ ಮಂಚದ ಮುದುಕರು ನನ್ನನ್ನು ಕಂಡವರೇ ಎದ್ದು ಕೂತರು. "ಸಿಸ್ಟರ್! ಇವರನ್ನ ಯಾರು ಕರೆಸಿದ್ದು? ನಾಳೆ ಡಿಸ್ಚಾರ್ಜ್ ಅಂತ ಡಾಕ್ಟ್ರು ಹೇಳಿದ್ರಲ್ಲ!" ವಾರ್ಡಿಗೆ ವಾರ್ಡೇ ನಕ್ಕಿತು. ನಾನೂ ನಕ್ಕೆ. "ನಿಮಗಿನ್ನೂ ಟೈಮ್ ಇದೆ ಬಿಡಿ, ಪ್ರಾಕ್ಟೀಸ್ ಕೂಡ ಶುರು ಮಾಡಿಲ್ಲ" ಎಂದೆ.

ದಾರಿಯಲ್ಲಿ ನಗು ಬರಲಿಲ್ಲ. ಹದಿನೇಳನೇ ವಯಸ್ಸಿನಲ್ಲಿ ಅಪ್ಪನ ಪೆಟ್ಟಿಗೆಯ ಪಕ್ಕ ನಿಂತು ಹಾಡಿದೆ, ಅಷ್ಟೇ. ಎಲ್ಲರೂ ಅತ್ತರು. ಮುಂದಿನ ಸಾವಿಗೂ ಕರೆದರು, ಅದರ ಮುಂದಿನದಕ್ಕೂ. ಮದುವೆ, ನಾಮಕರಣ, ಬರ್ತ್‌ಡೇ — ಒಂದಕ್ಕೂ ಇಲ್ಲ. ನನ್ನದು ಸಾವಿನ ಗಂಟಲಂತೆ. ಈಗ ತಲೆ ನರೆಯುತ್ತಿದೆ. ಬೇಡ ಎನ್ನೋಣವೆಂದರೆ, ಹೆಣ ಇಟ್ಟುಕೊಂಡು ಕೂತವರ ಮುಖದ ಮೇಲೆ ಬೇಡ ಎನ್ನುವುದು ಹೇಗೆ.

ಜನವರಿ 22

ಪೀಪಿ ಬಂದಿದ್ದಳು. ತಂಗಿಯ ಮಗಳು. ಕೂಸಾಗಿದ್ದಾಗ ಪೀಪಿ ಊದಿದ ಹಾಗೆ ಅಳುತ್ತಿದ್ದಳು, ಹೆಸರು ಅಂಟಿಕೊಂಡಿತು. ತಂಗಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್, ಇವಳು ಬೆಳೆದಿದ್ದೇ ನನ್ನ ಮಡಿಲಲ್ಲಿ. ಏಪ್ರಿಲ್‌ಗೆ ಮದುವೆ ಗೊತ್ತಾಗಿದೆ.

"ದೊಡ್ಡಮ್ಮ, ಚರ್ಚಲ್ಲಿ ನೀನೇ ಹಾಡ್ಬೇಕು."

"ನಿಮ್ಮಮ್ಮ ಒಪ್ಪಲ್ಲ ಕಣೇ."

"ಮದುವೆ ಅಮ್ಮಂದಾ, ನಂದಾ? ನಿನ್ನ ಹಾಡು ಕೇಳಿದ್ರೇ ನಾನು ಮಲಗ್ತಿದ್ದಿದ್ದು, ಗೊತ್ತಾ?"

"ನಾನು ಹಾಡಿದ್ರೆ ಎಲ್ಲರೂ ಮಲಗ್ತಾರೆ. ಏಳಲ್ಲ, ಅಷ್ಟೇ."

ಬಿದ್ದು ಬಿದ್ದು ನಕ್ಕಳು. ಹೋಗುವಾಗ ಬಾಗಿಲಲ್ಲಿ ನಿಂತು, "ತಮಾಷೆ ಅಲ್ಲ ದೊಡ್ಡಮ್ಮ. ನೀನು ಹಾಡದೆ ನಾನು ಒಳಗೆ ಕಾಲಿಡಲ್ಲ" ಎಂದಳು.

ನನಗೆ ಬೇಕು. ಬರೆದೇಬಿಡುತ್ತೇನೆ, ಓದುವವರು ಯಾರಿದ್ದಾರೆ. ಈ ಒಂದು ಹಾಡು ನನಗೆ ಬೇಕೇ ಬೇಕು. ಬಾಗಿಲಿಂದ ಹೊರಗೆ ಹೋಗುವವರಿಗೆ ಹಾಡಿ ಹಾಡಿ ಸಾಕಾಗಿದೆ. ಒಬ್ಬಳಾದರೂ ಒಳಗೆ ಬರುವಾಗ ಹಾಡಬೇಕು.

ಫೆಬ್ರವರಿ 3

ತಂಗಿ ಬಂದಳು. ಕುರ್ಚಿಯ ತುದಿಯಲ್ಲಿ ಕೂತಳು. ಆಗಲೇ ಗೊತ್ತಾಯಿತು.

"ಅಕ್ಕ, ತಪ್ಪು ತಿಳ್ಕೋಬೇಡ. ಗಂಡಿನ ಕಡೆ ಒಬ್ರು ಅಜ್ಜಿ ಇದ್ದಾರೆ, ಹಾರ್ಟ್ ಪೇಶೆಂಟ್. ನೀನು ಯಾವುದಕ್ಕೆ ಹಾಡೋಳು ಅಂತ ಗೊತ್ತಾದ್ರೆ... ಅಪಶಕುನ ಅಂತಾರೆ."

"ಹಂಗಾದ್ರೆ ಬೇಡ ಬಿಡು."

"ಬೇಡ ಅಂದ್ರೆ ಪೀಪಿ ಊಟ ಬಿಡ್ತಾಳೆ. ಒಂದು ಕೆಲ್ಸ ಮಾಡೋಣ. ನೀನು ಮೇಲೆ ಅಟ್ಟದಲ್ಲಿ ನಿಂತ್ಕೊಂಡು ಹಾಡು. ಯಾರಿಗೂ ಕಾಣಬಾರ್ದು. ಅವರು ಬೇರೆ ಊರೋರು, ಯಾರು ಹಾಡಿದ್ದು ಅಂತ ಗೊತ್ತಾಗಲ್ಲ."

"ಆಯ್ತು" ಎಂದೆ. ನಾಚಿಕೆಗೇಡು ನನ್ನ ಬಾಯಿ. ಅಷ್ಟು ಬೇಗ ಹೇಳಿಬಿಟ್ಟಿತು.

ಮಾರ್ಚ್ 5

ಮಾಸ್ಟ್ರ ಜೊತೆ ಪ್ರಾಕ್ಟೀಸ್. ಅವರಿಗೆ ಬೇಗ ನುಡಿಸಲು ಬರುವುದೇ ಇಲ್ಲ. ಮದುವೆ ಹಾಡೂ ತೂಗಿ ತೂಗಿ ನಡೆಯುತ್ತದೆ.

"ಮಾಸ್ಟ್ರೇ, ಹುಡುಗಿ ನಡ್ಕೊಂಡು ಬರ್ತಾಳೆ. ಹೊತ್ಕೊಂಡು ಬರಲ್ಲ."

"ಏನ್ಮಾಡ್ಲಮ್ಮ, ಹೆಣದ ಹಿಂದೆ ನಡೆದ ಬೆರಳು ಇವು. ಓಡು ಅಂದ್ರೆ ನಾಚ್ಕೊಳ್ತವೆ."

ಕೊನೆಗೆ ನಾನು ಕಾಲಿನಿಂದ ಹಲಗೆ ಬಡಿದು ತಾಳ ಹಾಕಿದೆ. ಸ್ವಲ್ಪ ಚುರುಕಾದರು. ಒಂದು ಕಡೆ ಇಬ್ಬರೂ ತಪ್ಪಿದೆವು, ಇಬ್ಬರೂ ನಕ್ಕೆವು. ಅಟ್ಟದಲ್ಲಿ ಯಾರಾದರೂ ನಕ್ಕಿದ್ದು ಇದೇ ಮೊದಲಿರಬೇಕು.

ಏಪ್ರಿಲ್ 20, ರಾತ್ರಿ

ಆಯಿತು. ನಿಧಾನವಾಗಿ ಬರೆಯಬೇಕು.

ಎಲ್ಲರಿಗಿಂತ ಮೊದಲೇ ಅಟ್ಟ ಹತ್ತಿದೆ. ತಂಗಿ ನನ್ನ ಫೋನ್ ಇಸಿದುಕೊಂಡಳು — "ಮಧ್ಯದಲ್ಲಿ ಯಾರಾದ್ರೂ ಸತ್ತ ಸುದ್ದಿ ಬಂದ್ರೆ ನಿಂಗೇ ರಿಂಗ್ ಆಗೋದು." ಸರಿಯೇ. ಅಟ್ಟ ಅಂದರೆ ಆರ್ಗನ್, ಎರಡು ಸ್ಟೂಲು, ಮೂಲೆಯಲ್ಲಿ ಗಂಟೆಯ ಹಗ್ಗ, ಅಂಗಳದ ಕಡೆಗೆ ತೆರೆಯಲಾಗದ ಬಣ್ಣದ ಗಾಜಿನ ಕಿಟಕಿ. ಒಂದು ಮೂಲೆಯ ಗಾಜು ಒಡೆದಿದೆ, ಅಂಗೈಯಷ್ಟು. ಅದರಲ್ಲೇ ಗಾಳಿ.

ಪೀಪಿ ಬಾಗಿಲಿಗೆ ಬಂದಳು. ಶುರು ಮಾಡಿದೆ.

ಮೊದಲ ಸಾಲು ಮುಗಿದಿರಲಿಲ್ಲ. ನಮ್ಮ ಕಡೆಯ ಬೆಂಚುಗಳವರು ದಡಬಡ ಎದ್ದು ನಿಂತರು. ನಮ್ಮಲ್ಲಿ ಮದುವೆಗೆ ಯಾರೂ ಏಳುವುದಿಲ್ಲ, ಕುತ್ತಿಗೆ ಮಾತ್ರ ತಿರುಗಿಸುತ್ತಾರೆ. ಏಳುವುದು ಪೆಟ್ಟಿಗೆಗೆ. ನನ್ನ ದನಿ ಕಿವಿಗೆ ಬಿದ್ದದ್ದೇ ತಡ, ಕಾಲುಗಳು ತಾವೇ ಎದ್ದಿವೆ! ತಲೆ ತಗ್ಗಿಸಿದರು, ಕೈ ಕಟ್ಟಿದರು. ಬೇಕರಿಯವನಂತೂ ಕರ್ಚೀಫ್ ತೆಗೆದ. ಗಂಡಿನ ಕಡೆಯವರು ಇದು ಇಲ್ಲಿನ ಪದ್ಧತಿ ಇರಬೇಕೆಂದು ತಾವೂ ಎದ್ದು ತಲೆ ತಗ್ಗಿಸಿದರು. ಇಡೀ ಚರ್ಚು ತಲೆ ಬಾಗಿಸಿ ನಿಂತಿದೆ, ನಡುವೆ ಮದುಮಗಳು ತುಟಿ ಕಚ್ಚಿ ನಗು ತಡೆಯುತ್ತ ಬರುತ್ತಿದ್ದಾಳೆ. ಫಾದರ್ ಘಾಟಿ. "ನಮ್ಮ ಮಗಳಿಗೆ ಇಷ್ಟು ಗೌರವ ಕೊಟ್ರಿ, ಸಂತೋಷ. ಕೂತ್ಕೊಳ್ಳಿ" ಎಂದರು. ಮಾಸ್ಟ್ರು ನಗುವಿಗೆ ಒಂದು ತಪ್ಪು ಸ್ವರ ಒತ್ತಿದರು.

ಆದರೆ ಹಾಡಿದೆ. ಚೆನ್ನಾಗಿ ಹಾಡಿದೆ, ನನಗೆ ಗೊತ್ತು. ಪೀಪಿ ನಡುವಲ್ಲಿ ನಿಂತು ಒಮ್ಮೆ ತಲೆ ಎತ್ತಿ ಅಟ್ಟದ ಕಡೆ ನೋಡಿದಳು. ನಾನು ಎಂದೂ ಯಾರ ಮುಖವನ್ನೂ ನೋಡಿ ಹಾಡಿದವಳಲ್ಲ. ಇವತ್ತು ನೋಡಿದೆ.

ಎಲ್ಲ ಮುಗಿದು ಜನ ಹೊರಗೆ ಹೋದರು. ಮಾಸ್ಟ್ರು ಊಟಕ್ಕೆ ಇಳಿದರು. ನಾನೂ ಹೊರಟೆ. ಮೆಟ್ಟಿಲಲ್ಲಿ ತಂಗಿ ತಟ್ಟೆ ಹಿಡಿದು ಹತ್ತಿ ಬರುತ್ತಿದ್ದಳು.

"ಇಲ್ಲೇ ಊಟ ಮಾಡ್ಬಿಡು ಅಕ್ಕ. ಕೆಳಗೆ ಎಲ್ಲರೂ ಹಾಡಿದ್ದು ಯಾರು ಅಂತ ಕೇಳ್ತಿದ್ದಾರೆ. ಸ್ವಲ್ಪ ಹೊತ್ತು. ಅವರು ಹೊರಟ್ಮೇಲೆ ಬಾ."

ತಟ್ಟೆ ತೆಗೆದುಕೊಂಡೆ. ಅವಳ ಮುಖ ನೋಡಲಿಲ್ಲ. ಅವಳೂ ನನ್ನದು ನೋಡಲಿಲ್ಲ.

ತಂಗಿ ಇಳಿದ ಮೇಲೆ ಕೆಳಗೆ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿದ ಸದ್ದು. ಗಂಟೆ ಹೊಡೆಯುವ ಗಂಟೆಯಣ್ಣ. ಸಾವಿನ ದಿನ ನಾನು ಕೆಳಗೇ ಹಾಡಿ ಪೆಟ್ಟಿಗೆಯ ಹಿಂದೆಯೇ ಹೋಗಿಬಿಡುತ್ತೇನೆ, ಮಾಸ್ಟ್ರು ಇಳಿದರೆ ಅಟ್ಟ ಖಾಲಿ ಎಂದು ಅವನ ಲೆಕ್ಕ. ಕೂಗಿದೆ. ಅಷ್ಟರಲ್ಲಿ ಅಂಗಳದಲ್ಲಿ ಬ್ಯಾಂಡ್ ಶುರುವಾಯಿತು.

ಒಡೆದ ಗಾಜಿಗೆ ಕಣ್ಣಿಟ್ಟು ನೋಡಿದೆ. ಫೋಟೋ ತೆಗೆಯುತ್ತಿದ್ದರು. ಪೀಪಿ ಅತ್ತಿತ್ತ ನೋಡುತ್ತಿದ್ದಳು. ಬ್ಯಾಂಡಿನವರು ಉಸಿರು ತೆಗೆದುಕೊಂಡಾಗ ಕೇಳಿಸಿತು — "ದೊಡ್ಡಮ್ಮ ಎಲ್ಲಿ?" ತಂಗಿ ಹೇಳಿದಳು: "ತಲೆನೋವು ಅಂತ ಮನೆಗೆ ಹೋದಳು." ಪೀಪಿಯ ಮುಖ ಸಪ್ಪಗಾಯಿತು. ಕೂಗಲು ಬಾಯಿ ತೆರೆದೆ, ಬ್ಯಾಂಡ್ ಮತ್ತೆ ಶುರುವಾಗಿತ್ತು.

ಹಗ್ಗ ಕೈಗೆ ಸಿಗುವಷ್ಟು ಹತ್ತಿರ. ಒಂದು ಸಲ ಎಳೆದರೆ ಸಾಕು, ಎಲ್ಲರೂ ಓಡಿ ಬರುತ್ತಾರೆ. ಆದರೆ ಹೊತ್ತಲ್ಲದ ಹೊತ್ತಲ್ಲಿ ಒಂಟಿ ಗಂಟೆ ಹೊಡೆದರೆ ಅರ್ಥ ಒಂದೇ — ಯಾರೋ ಹೋದರು. ಪೀಪಿಯ ಮದುವೆಯ ದಿನ! ಗಂಡಿನ ಕಡೆಯ ಅಜ್ಜಿ ಅಂಗಳದ ಕುರ್ಚಿಯಲ್ಲಿ ಕೂತಿದ್ದಾರೆ, ಎದೆಯ ಮೇಲೆ ಕೈ ಇಟ್ಟುಕೊಂಡು. ಹಗ್ಗ ಹಿಡಿದೆ. ಎಳೆ, ಎಳೆದುಬಿಡು, ನಿನಗೂ ಒಂದು ದಿನ ಬೇಡವಾ ಎಂದಿತು ಮನಸ್ಸು. ಬಿಟ್ಟೆ. ಪೀಪಿ ಕಾರು ಹತ್ತಿದಳು. ಕಾರು ಹೋಯಿತು. ಕೂತು ಅತ್ತೆ, ದನಿ ತೆಗೆದೇ ಅತ್ತೆ, ಕೇಳುವವರಿದ್ದರೆ ತಾನೆ.

ಸಂಜೆ ಗಂಟೆ ಹೊಡೆಯಲು ಬಂದ ಗಂಟೆಯಣ್ಣ ನನ್ನನ್ನು ಕಂಡು "ಯೇಸಪ್ಪಾ!" ಎಂದು ಕಿರುಚಿ ಮೆಟ್ಟಿಲಲ್ಲೇ ಕುಸಿದ. "ನೀವಾ? ಬದುಕಿದ್ದೀರಾ?"

"ಬದುಕಿದ್ದೀನಿ ಮಾರಾಯ. ಮೊದ್ಲು ನೀರು ಕೊಡು."

ಏಪ್ರಿಲ್ 21

ತಂಗಿ ಫೋನ್ ವಾಪಸ್ ತಂದಳು. ಬೀಗದ ವಿಷಯ ಹೇಳಿದೆ. ಮೊದಲು ನಗು ಬಂತು ಅವಳಿಗೆ, ಆಮೇಲೆ ಅಳು. "ನಾನೇ ನಿನ್ನ ಕೂಡಿ ಹಾಕಿದ ಹಾಗಾಯ್ತಲ್ಲ ಅಕ್ಕ." ಇಲ್ಲ ಎಂದೆ. ಸುಳ್ಳು. ಕೋಪ ಬಂದಿದೆ. ಅವಳ ಮೇಲಲ್ಲ — ಅವಳ ಮೇಲೂ.

ಏಪ್ರಿಲ್ 23

ಫಾದರ್‌ಗೆ ಹೇಳಿದೆ. ಇನ್ನು ಹಾಡಲ್ಲ, ಬೇರೆಯವರನ್ನು ನೋಡಿಕೊಳ್ಳಿ.

"ಆಗ್ಲಮ್ಮ, ಬಲವಂತ ಇಲ್ಲ" ಎಂದರು. ಹಗುರವಾಯಿತು. ಬಾಗಿಲವರೆಗೆ ಬಂದು ಮೆಲ್ಲಗೆ, "ನಾಳೆ ಮಾತ್ರ ಒಂದಿದೆ. ಶಾಲೆ ಆಯಾ. ಅವಳಿಗೆ ಯಾರೂ ಇಲ್ಲ" ಎಂದರು.

ಏಪ್ರಿಲ್ 24

ಹೋದೆ. ಹಾಡಿದೆ.

ಮೇ 30

ಈ ತಿಂಗಳು ಆರು. ಬರೆಯುವುದೇನು, ಎಲ್ಲವೂ ಒಂದೇ ಹಾಡು. ಪೀಪಿ ಭಾನುವಾರ ಫೋನ್ ಮಾಡುತ್ತಾಳೆ. ನಾನೇ ಬೇಗ ಇಟ್ಟುಬಿಡುತ್ತೇನೆ.

ಜೂನ್ 17, ಮಧ್ಯಾಹ್ನ

ಪೀಪಿಯ ಫೋನ್. ಭಾನುವಾರವಲ್ಲ.

"ದೊಡ್ಡಮ್ಮ, ಅಜ್ಜಿ ಹೋಗ್ಬಿಟ್ರು. ಬೆಳಿಗ್ಗೆ. ಮಲಗಿದ್ದವರು ಏಳ್ಲಿಲ್ಲ." ಅಳುತ್ತಿದ್ದಳು. ಸಮಾಧಾನ ಮಾಡಿದೆ. ಆಮೇಲೆ ಹೇಳಿದಳು: "ಅಜ್ಜಿ ಹೇಳಿಟ್ಟಿದ್ರು. ಮದುವೇಲಿ ಹಾಡಿದವರನ್ನೇ ಕರೆಸ್ಬೇಕು ಅಂತ. ಆವತ್ತಿಂದ ಅದೇ ಮಾತು. ಬರ್ತೀಯಾ?"

"ನಿಮ್ಮತ್ತೆ ಏನಂದ್ರು?"

"ಅತ್ತೆಗೆ ಇಷ್ಟ ಇಲ್ಲ."

ಅಲ್ಲಿಗೂ ಮುಟ್ಟಿತು ಎಂದುಕೊಂಡೆ. "ಗೊತ್ತಾಗೋಯ್ತಾ ಅವರಿಗೆ, ನಾನು ಯಾವುದಕ್ಕೆ ಹಾಡೋಳು ಅಂತ?"

"ಅಯ್ಯೋ ಅದಲ್ಲ! ಅವರು ಹೇಳೋದು... ಮದುವೆಗೆ ಹಾಡೋರನ್ನ ಸಾವಿನ ಮನೆಗೆ ಕರೀತಾರಾ, ಆಮೇಲೆ ಅವರನ್ನ ಯಾರು ಮದುವೆಗೆ ಕರೀತಾರೆ, ಪಾಪ ಅಂತ."

ಮೊದಲು ನಕ್ಕವರು ಯಾರೋ ತಿಳಿಯದು. ಅಲ್ಲಿ ಪಕ್ಕದ ಕೋಣೆಯಲ್ಲಿ ಅಜ್ಜಿಯನ್ನು ಮಲಗಿಸಿದ್ದಾರೆ, ಪೀಪಿ ಬಾಯಿಗೆ ಬಟ್ಟೆ ಒತ್ತಿಕೊಂಡು ನಗುತ್ತಿದ್ದಾಳೆ, ನಾನಿಲ್ಲಿ ಅಡಿಗೆಮನೆಯಲ್ಲಿ ಕಣ್ಣೀರು ಸುರಿಸುತ್ತ ನಗುತ್ತಿದ್ದೇನೆ.

ಆಮೇಲೆ ಅತ್ತೆಯೇ ಫೋನಿಗೆ ಬಂದರು. ಮೃದುವಾದ ದನಿ. "ನಿಮಗೆ ಇದೆಲ್ಲ ಅಭ್ಯಾಸ ಇರಲ್ಲ. ಹೆಣದ ಮುಂದೆ ನಿಂತು ಹಾಡೋದು ಕಷ್ಟ. ಆಗಲ್ಲ ಅನ್ನಿಸಿದ್ರೆ ಬೇಡ ಅನ್ನಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ."

ಬೇಡ ಎನ್ನಬಹುದು ಎಂದು ಇಷ್ಟು ವರ್ಷದಲ್ಲಿ ಯಾರೂ ನನಗೆ ಹೇಳಿರಲಿಲ್ಲ.

"ಅಭ್ಯಾಸ ಇಲ್ಲ" ಎಂದೆ. "ಆದ್ರೂ ಬರ್ತೀನಿ. ಪ್ರಯತ್ನ ಮಾಡ್ತೀನಿ."

ಬಸ್ಸಿಗೆ ಇನ್ನೂ ಹೊತ್ತಿದೆ. ಒಮ್ಮೆ ಹಾಡಿ ನೋಡಿಕೊಳ್ಳಬೇಕು, ಹೊಸಬಳ ಹಾಗೆ. ಹೊಸಬರಿಗೆ ಮೊದಲ ಸಾಲಿನಲ್ಲಿ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದೇ ಗೊತ್ತಿರುವುದಿಲ್ಲ.