ಪ್ರಾಂಪ್ಟರ್ ಮಾತಾಡಲಿಲ್ಲ

ವಿಕ್ರೋಳಿ
೧೮ ಫೆಬ್ರವರಿ ೨೦೨೫

ನನ್ನ ಬಂಗಾರ ಯಕ್ಷಿತಾಳಿಗೆ,

ನಿನ್ನ ಅಮ್ಮ ಮಾಡುವ ಹಾರೈಕೆಗಳು. ಪುಣೆಯಲ್ಲಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀ ಎಂದುಕೊಂಡಿದ್ದೇನೆ. ಮಹಾದೇವಿಯ ಫೋನಿಗೆ ನೀನು ಕಳಿಸಿದ ಮೆಸೇಜಿಗೆ ಉತ್ತರ ತಡವಾಯಿತು, ಬೇಸರಿಸಬೇಡ. ನನ್ನ ಫೋನನ್ನು ನಿನ್ನ ಅಪ್ಪ ಗೋಡೆಗೆ ಎಸೆದು ಚೂರು ಮಾಡಿದ್ದಾರೆ. ಮಹಾದೇವಿಯ ಫೋನಿನಲ್ಲಿ ಇಂಥದ್ದನ್ನೆಲ್ಲ ಮಾತಾಡಲು ಮನಸ್ಸು ಬರಲಿಲ್ಲ. ಬರೆಯೋಣವೆಂದರೆ ಬಲಗೈಗೆ ಪ್ಲಾಸ್ಟರ್ ಇತ್ತು, ಮೊನ್ನೆಯಷ್ಟೇ ಬಿಚ್ಚಿದರು. ಅಕ್ಷರ ಸೊಟ್ಟಗಿದ್ದರೆ ಸಹಿಸಿಕೋ.

ನಾನಿನ್ನೂ ಮಹಾದೇವಿಯ ಮನೆಯಲ್ಲೇ ಇದ್ದೇನೆ. ನಮ್ಮ ನಾಟಕದಲ್ಲಿ ರಾಜಮಾತೆಯಾಗಿದ್ದಳಲ್ಲ, ಧಾರವಾಡದವಳು, ಅವಳೇ. ಗಂಡನಿಗೆ ಇಲ್ಲಿನ ಫ್ಯಾಕ್ಟರಿಯಲ್ಲಿ ಕೆಲಸ, ಎರಡು ಕೋಣೆಯ ಮನೆ. ದಿನಾ ಜೋಳದ ರೊಟ್ಟಿ ತಟ್ಟಿ ಬಡಿಸುತ್ತಾಳೆ. ನನ್ನ ಕರಾವಳಿಯ ನಾಲಿಗೆಗೂ ಅದು ಒಗ್ಗಿಬಿಟ್ಟಿದೆ.

ನೀನು ಸ್ಪ್ಯಾನಿಷ್ ಕಲಿಸುವ ಮಕ್ಕಳಿಗೆ ನಾಟಕದ ಪದಗಳ ಪಾಠವಿದೆ, ಪ್ರಾಂಪ್ಟರ್ ಅಂದರೆ ನಿಜವಾಗಿ ಏನು ಮಾಡುತ್ತಾರೆ ಎಂದು ಡಿಸೆಂಬರಿನಲ್ಲೇ ಕೇಳಿದ್ದೆ. ಆಗ ನಾನು ಗಡಿಬಿಡಿಯಲ್ಲಿ ಏನೋ ಹೇಳಿದ್ದೆ. ಈಗ ಬಿಡುವಿದೆ, ಕೇಳು. ನಮ್ಮ ನಾಟಕ ಸಂಘದ ಗಂಡಸರೆಲ್ಲ ಹೋಟೆಲು, ಆಫೀಸು ಮುಗಿಸಿ ತಾಲೀಮಿಗೆ ಬರುವವರು. ಮಾತು ಬಾಯಿಪಾಠ ಮಾಡಲು ಅವರಿಗೆ ಪುರುಸೊತ್ತಿಲ್ಲ. ನಾಟಕದ ಪ್ರತಿ ಹಿಡಿದು ಪರದೆಯ ಮರೆಯಲ್ಲಿ ನಿಂತು, ಅವರು ತಡವರಿಸಿದಾಗ ಮಾತು ಎತ್ತಿಕೊಡುವವಳು ಪ್ರಾಂಪ್ಟರ್. ನಟನಿಗೆ ಕೇಳಬೇಕು, ಸಭೆಗೆ ಕೇಳಬಾರದು. ಚಪ್ಪಾಳೆ ಅವನಿಗೆ, ಬೈಗುಳ ಇವಳಿಗೆ. ಮದುವೆಯಾದಾಗಿನಿಂದ ನನಗೆ ಇದೇ ಕೆಲಸ.

ಪ್ರಾಂಪ್ಟರಿಗೆ ಸ್ಪ್ಯಾನಿಷಿನಲ್ಲಿ 'ಅಪುಂತಾದೋರ್' ಎನ್ನುತ್ತಾರೆಂದು ನೀನೇ ಹೇಳಿಕೊಟ್ಟಿದ್ದೆ. ಅಲ್ಲಿ ಅವರಿಗೆ ವೇದಿಕೆಯ ಮುಂಭಾಗದಲ್ಲಿ ಚಿಪ್ಪಿನಂಥ ಒಂದು ಗೂಡು ಇರುತ್ತಿತ್ತಂತೆ. ತುಂಬಾ ಹೆಣ ಬೀಳುವ ಕಥೆಯಾದರೆ 'ಅಪುಂತಾದೋರ್ ಕೂಡ ಸತ್ತ' ಎನ್ನುತ್ತಾರೆ ಎಂದು ನೀನು ನಕ್ಕಿದ್ದೆ. ನಾನೂ ನಕ್ಕಿದ್ದೆ. ನಿನ್ನ ಮಕ್ಕಳಿಗೆ ಹೇಳು, ಅವಳೇನೂ ಸುಲಭಕ್ಕೆ ಸಾಯುವುದಿಲ್ಲ.

ಈಗ ನಿನ್ನ ಮೆಸೇಜಿನ ವಿಷಯ. 'ಅಪ್ಪ ಬಹುತ್ ರೋ ರಹೇ ಹೈ ಅಮ್ಮಾ, ಪ್ಲೀಸ್, ಸಂಡೇ ನಾನು ಬರ್ತೇನೆ, ನಿನ್ನನ್ನು ಘರ್ ಕರ್ಕೊಂಡು ಹೋಗ್ತೇನೆ' ಎಂದು ಬರೆದಿದ್ದೀ. ಅಳಲಿ ಬಿಡು. ಅಳುವ ಪಾತ್ರ ಅವರಿಗೆ ಮೊದಲಿನಿಂದಲೂ ಚೆನ್ನಾಗಿ ಬರುತ್ತದೆ. ತಮ್ಮ ಹೋಟೆಲಿನಲ್ಲಿ ನಿನ್ನ ಅಪ್ಪ ಎಲ್ಲರ ಧನರಾಜಣ್ಣ, ಅಲ್ಲಿ ಯಾರ ಮೇಲಾದರೂ ಕೈ ಎತ್ತಿದ್ದನ್ನು ಯಾರೂ ಕಂಡಿಲ್ಲ. ಕೆಲಸದವರಿಗೆ ಹೊಡೆದರೆ ಮರುದಿನ ಬೇರೆ ಹೋಟೆಲಿಗೆ ಹೋಗುತ್ತಾರಲ್ಲ. ನಾನಾದರೆ ಎಲ್ಲಿಗೆ ಹೋದೇನು ಎಂಬ ಧೈರ್ಯ ಅವರಿಗೆ.

ಹೋದ ತಿಂಗಳು ನಾಟಕದ ಹಿಂದಿನ ದಿನದ ತಾಲೀಮಿನಲ್ಲಿ ಅವರಿಗೆ ಮಾತು ಎತ್ತಿಕೊಡುವಾಗ ನನ್ನ ದನಿ ಸ್ವಲ್ಪ ಏರಿತು, ಯಾರೋ ನಕ್ಕರು. ಮರುದಿನ ಬೆಳಿಗ್ಗೆ ನಮ್ಮ ವಡಾಲದ ಮನೆಯಲ್ಲಿ ನಾನು ದೋಸೆ ಹುಯ್ಯುತ್ತಿದ್ದಾಗ ನಿನ್ನ ಅಪ್ಪ ಹಿಂದಿನಿಂದ ಜಡೆ ಹಿಡಿದು ಎಳೆದರು. "ನಿಂಗೆ ಎಂತ ಮೈಕ್ ಕೊಟ್ಟಿದ್ದಾರಾ? ಇಡೀ ಹಾಲಿಗೆ ಕೇಳ್ಬೇಕಾ?" ಎನ್ನುತ್ತಾ ಸ್ಟೀಲ್ ಚೊಂಬಿನಿಂದ ಬಾಯಿಗೆ ಹೊಡೆದರು. ತುಟಿ ಸೀಳಿತು, ಒಂದು ಹಲ್ಲು ಅಲ್ಲಾಡಿತು. ಒಲೆಯ ಮೇಲಿದ್ದ ದೋಸೆಗೆ ರಕ್ತ ತೊಟ್ಟಿಕ್ಕಿತು. ಅದನ್ನು ತೆಗೆದು ಬಿಸಾಡಿ ಹೊಸದೊಂದು ಹುಯ್ಯಲು ಹೇಳಿದರು, ನಾನು ಹುಯ್ದೆ. ಮಧ್ಯಾಹ್ನ ನೀನು ಪುಣೆಯಿಂದ ಬಂದೆ, ನನ್ನ ಬಾಯಿ ನೋಡಿದೆ. ನಾನು ಬಿದ್ದೆ ಜಾರಿದೆ ಎನ್ನಲಿಲ್ಲ, ಅಪ್ಪ ಹೊಡೆದದ್ದು ಎಂದೆ. ನೀನು ಬ್ಯಾಗ್ ಇಳಿಸುತ್ತಾ, "ಆಜ್ ನಹೀ ಅಮ್ಮಾ, ಇವತ್ತು ಶೋ ಇದೆ," ಎಂದೆ.

ಸಂಜೆ ದಾದರಿನ ಹಾಲು ತುಂಬಿತ್ತು, ನೀನು ಎರಡನೇ ಸಾಲಿನಲ್ಲಿ ಕೂತಿದ್ದೆ. ಸೇನಾಪತಿ ತಮ್ಮನನ್ನು ಕೊಂದು, ಕತ್ತಿ ಹಿಡಿದು ನಿಲ್ಲುವ ದೃಶ್ಯ. ಸೇನಾಪತಿಯಾಗಿದ್ದ ನಿನ್ನ ಅಪ್ಪ ನಿಂತರು, ಮೊದಲ ಮಾತೇ ಮರೆತರು. ಪರದೆಯ ಕಡೆ ಕಣ್ಣು ಹಾಯಿಸಿದರು. ಪುಟ ನನ್ನ ಕೈಯಲ್ಲೇ ಇತ್ತು, ಮಾತು ನಾಲಿಗೆಯ ತುದಿಯಲ್ಲಿತ್ತು. ನಾನು ಪ್ರತಿಯನ್ನು ಮುಚ್ಚಿ ಅವರ ಮುಖ ನೋಡಿದೆ. ಬಣ್ಣದ ಮೇಲೆ ಬೆವರು ಇಳಿಯುತ್ತಿತ್ತು. ಅಷ್ಟು ಹೆದರಿದ ಅವರನ್ನು ನಾನು ಎಂದೂ ಕಂಡಿರಲಿಲ್ಲ, ಸುಳ್ಳು ಹೇಳುವುದಿಲ್ಲ, ಹೊಟ್ಟೆ ತಣ್ಣಗಾಯಿತು.

ಆಮೇಲೆ ಅವರಿಗೆ ಮಾತು ಸಿಕ್ಕಿತು. ದೃಶ್ಯ ಮುಗಿಯಿತು, ಪರದೆ ಬಿತ್ತು, ಚಪ್ಪಾಳೆ ನಿಲ್ಲಲೇ ಇಲ್ಲ. ಆ ಚಪ್ಪಾಳೆಯ ಸದ್ದಿನಲ್ಲೇ ನೇರ ನನ್ನ ಬಳಿ ಬಂದು ಕಪಾಳಕ್ಕೆ ಬಾರಿಸಿದರು. ನಾನು ನೆಲಕ್ಕೆ ಬಿದ್ದೆ. ಚೆಲ್ಲಿದ ಪುಟಗಳ ಮೇಲೆ ಊರಿದ್ದ ಕೈಯನ್ನು ಸೇನಾಪತಿಯ ಬೂಟಿನಿಂದ ತುಳಿದರು. ಎತ್ತಿ ಮತ್ತೆ ತುಳಿದರು. ಬೆರಳು ಮುರಿದ ಸದ್ದು ನನಗೆ ಕೇಳಿತು. ಪಕ್ಕೆಗೆ ಒದೆಯುವಷ್ಟರಲ್ಲಿ ಮಹಾದೇವಿ ಕಿರೀಟದ ಸಮೇತ ಓಡಿ ಬಂದು ಅವರನ್ನು ತಳ್ಳಿದಳು. ನನ್ನನ್ನು ಆಸ್ಪತ್ರೆಗೆ ಸೇರಿಸಿ, ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಕರೆದೊಯ್ದವಳೂ ಅವಳೇ.

ಹೋದ ವಾರ ಸಂಘದ ಅಧ್ಯಕ್ಷ ಅಣ್ಣು ಬಂದಿದ್ದರು. "ಗಂಡ ಹೆಂಡ್ತಿ ವಿಷಯ, ಕಂಪ್ಲೇಂಟ್ ಎಂತಕ್ಕೆ ರಾಜೀವಿ? ಸಂಘದ ಹೆಸರು ಹಾಳಾಗ್ತದೆ," ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಹಾದೇವಿ, "ಬಡದಾವ್ರಿಗೆ ಹೋಗಿ ಹೇಳ್ರಿ. ಇಲ್ಲಿ ಬಂದು ಮುರದ ಕೈಗೆ ಬುದ್ಧಿ ಹೇಳ್ಬ್ಯಾಡ್ರಿ. ಚಾ ಕುಡದು ಹೋಗ್ರಿ," ಎಂದಳು. ಪಾಪ, ಚಹಾ ಕುಡಿಯದೆ ಹೋದರು.

ಆದ್ದರಿಂದ ಭಾನುವಾರ ನನ್ನನ್ನು ಕರೆದೊಯ್ಯಲು ಬರಬೇಡ. ನಾನು ವಡಾಲಕ್ಕೆ ಹೋಗುವುದಿಲ್ಲ, ದೂರನ್ನೂ ವಾಪಸ್ ತೆಗೆದುಕೊಳ್ಳುವುದಿಲ್ಲ. ನನ್ನನ್ನು ನೋಡಲು ಬರುವುದಾದರೆ ಯಾವತ್ತು ಬೇಕಾದರೂ ಬಾ.

ನಿನ್ನ ಕೆಲಸ ಚೆನ್ನಾಗಿ ನಡೆಯಲಿ. ನಿನ್ನ ಮೇಲೆ ಯಾರೂ ಎಂದೂ ಕೈ ಎತ್ತದಿರಲಿ, ಎತ್ತಿದರೆ ಅಂದೇ ಎದ್ದು ಹೊರಡುವ ಬುದ್ಧಿ ನಿನಗಿರಲಿ.

ನಿನ್ನ ಅಮ್ಮ,
ರಾಜೀವಿ

ತಾ.ಕ.: ಇದನ್ನು ಬರೆಯಬಾರದು ಎಂದುಕೊಂಡಿದ್ದೆ, ಆಗಲಿಲ್ಲ. ನನ್ನ ತುಟಿ ಯಾಕೆ ಸೀಳಿದೆ ಎಂದು ಆ ಸಭೆಯಲ್ಲಿ ಗೊತ್ತಿದ್ದವಳು ನೀನೊಬ್ಬಳೇ. ನಾನು ಪ್ರತಿ ಮುಚ್ಚಿದಾಗ ನಿನಗೆ ಅರ್ಥವಾಗಿರುತ್ತದೆ, ನನ್ನ ಜೊತೆ ನೀನೂ ಸುಮ್ಮನಿರುತ್ತೀ ಎಂದು ನಂಬಿದ್ದೆ. ಮಧ್ಯಾಹ್ನ ಮನೆಯಲ್ಲಿ ಅಪ್ಪ ಹೇಳಿಕೊಳ್ಳುವಾಗ ನೀನೂ ಆ ಮಾತು ಕೇಳಿದ್ದೆ; ಎರಡನೇ ಸಾಲಿನ ಕುರ್ಚಿಯಿಂದ "ಈ ಕೈಗೆ ರಕ್ತ ಹೊಸದಲ್ಲ" ಎಂದು ಅವರಿಗೆ ಅದನ್ನು ಎತ್ತಿಕೊಟ್ಟ ದನಿ ನಿನ್ನದು. ಅವರು ಬೆರಳು ತುಳಿಯುವಾಗಲೂ ನನ್ನ ಕಿವಿಯಲ್ಲಿ ಅದೇ ಇತ್ತು. ಯಾಕೆ ಹೇಳಿಕೊಟ್ಟೆ ಎಂದು ಒಂದು ಸಾಲು ಬರೆ, ಮಗಳೇ.